ವಕೀಲರ ಸಾಲಿ

ಸೆಪ್ಟೆಂಬರಿನ ಎರಡನೇ ಶನಿವಾರ ದೇವದುರ್ಗದ ಲೋಕ ಅದಾಲತ್‌ನಲ್ಲಿ ಅರಕೇರಾದ ಯಮನಮ್ಮನ ಮೂರು ಎಕರೆ ಹೊಲ ಎದುರು ಪಾರ್ಟಿಯ ಪಾಲಾಯಿತು. ಯಮನಮ್ಮ ಆ ದಿನ ಕೋರ್ಟಿಗೆ ಬಂದಿರಲಿಲ್ಲ. ಬೆಂಗಳೂರಿನ ಹೊರಗೆ ಕಟ್ಟುತ್ತಿದ್ದ ಒಂದು ಕಟ್ಟಡದ ಆರನೇ ಅಂತಸ್ತಿಗೆ ಇಟ್ಟಿಗೆ ಹೊರುತ್ತಿದ್ದಳು. ರಾಜಿ ಅರ್ಜಿಯ ಕೆಳಗೆ ಆಕೆಯ ಎಡಗೈ ಹೆಬ್ಬೆಟ್ಟಿನ ಗುರುತಿತ್ತು. ಅದರ ಪಕ್ಕದಲ್ಲಿ, ‘ಇದನ್ನು ಓದಿ ಹೇಳಲಾಗಿ, ತಿಳಿದು ಒಪ್ಪಿ ನನ್ನ ಸಮಕ್ಷಮ ಒತ್ತಿದ್ದಾಳೆ, ನಾನು ಗುರುತಿಸಿದ್ದೇನೆ’ ಎಂದು ಬರೆದು ಸಹಿ ಹಾಕಿದವಳು ಆಕೆಯ ವಕೀಲೆ ಮೌನೇಶ್ವರಿ.

ಇವತ್ತು ಡಿಸೆಂಬರಿನ ಒಂದು ಭಾನುವಾರ. ರಾಯಚೂರಿನ ಕಲ್ಯಾಣ ಮಂಟಪವೊಂದರ ನಾಲ್ಕನೇ ಸಾಲಿನಲ್ಲಿ ಮೌನೇಶ್ವರಿ ಕೂತಿದ್ದಳು. ನಿನ್ನೆ ಯಾರದೋ ಮದುವೆಗೆ ನಿಲ್ಲಿಸಿದ್ದ ಥರ್ಮಾಕೋಲಿನ ನವಿಲುಗಳನ್ನು ವೇದಿಕೆಯಿಂದ ಇನ್ನೂ ಇಳಿಸಿರಲಿಲ್ಲ. ಅವುಗಳ ಕೊರಳಿಗೇ ದಾರ ಬಿಗಿದು ‘ವೃತ್ತಿನಿರತ ವಕೀಲರಿಗೆ ನಿರಂತರ ಕಾನೂನು ಶಿಕ್ಷಣ’ ಎಂಬ ಬ್ಯಾನರ್ ಕಟ್ಟಿದ್ದರು. ವಧೂವರರಿಗಾಗಿ ಇಟ್ಟ ಎರಡು ಕೆಂಪು ಮಖಮಲ್ ಕುರ್ಚಿಗಳಲ್ಲಿ ಒಬ್ಬ ನಿವೃತ್ತ ನ್ಯಾಯಾಧೀಶರೂ ಹಿರಿಯ ವಕೀಲ ಸಂಕರ್ಷಣರೂ ಭುಜಕ್ಕೆ ಭುಜ ತಾಗಿಸಿಕೊಂಡು ಆಸೀನರಾಗಿದ್ದರು. ಇನ್ನೂರು ವಕೀಲರಲ್ಲಿ ಯಾರೂ ನಗಲಿಲ್ಲ. ಬೆಳಿಗ್ಗೆ ಬಾಗಿಲಲ್ಲಿ ಸಹಿ ಮಾಡಿದ ಕೂಡಲೇ ಒಂದು ಪ್ಲಾಸ್ಟಿಕ್ ಫೈಲು ಕೊಟ್ಟಿದ್ದರು. ಅದರೊಳಗೆ ಒಂದು ಪೆನ್ನು, ಒಂದು ನೋಟ್‌ಬುಕ್ಕು, ಮತ್ತು ಆಕೆ ಈ ತರಬೇತಿಯನ್ನು ಯಶಸ್ವಿಯಾಗಿ ಪೂರೈಸಿದ್ದಾಳೆ ಎಂಬ ಪ್ರಮಾಣಪತ್ರ. ಪೂರೈಸಿದ ಮೇಲೆ ಕಲಿಯುವುದು. ಕೆಲವರು ಪ್ರಮಾಣಪತ್ರ ತೆಗೆದುಕೊಂಡು, ಸ್ನೇಹಿತರ ಹೆಸರಿನ ಮುಂದೆಯೂ ಒಂದೊಂದು ಸಹಿ ಗೀಚಿ, ತಿಂಡಿ ತಿಂದು ಹೋಗಿಬಿಟ್ಟಿದ್ದರು. ಖೋಟಾ ಸಹಿಗೆ ಹೊಸ ಕಾನೂನಿನಲ್ಲಿ ಯಾವ ಕಲಮು ಎಂದು ಹೇಳಿಕೊಡುವ ಗೋಷ್ಠಿ ಹತ್ತು ಗಂಟೆಗಿತ್ತು. ಅದಕ್ಕೆ ಅವರು ಇರಲಿಲ್ಲ.

ಹತ್ತಕ್ಕೆ ಕ್ರಿಮಿನಲ್, ಹನ್ನೊಂದಕ್ಕೆ ಕಂದಾಯ, ಹನ್ನೆರಡಕ್ಕೆ ವೃತ್ತಿನೀತಿ ಮತ್ತು ರಾಜಿಯ ಕಲೆ, ಊಟ, ಆಮೇಲೆ ಮೋಟಾರು ಅಪಘಾತ, ಕೌಟುಂಬಿಕ, ಕಾರ್ಮಿಕ, ಕೊನೆಗೆ ಪ್ರಶ್ನೋತ್ತರ. ಕ್ರಿಮಿನಲ್ ಗೋಷ್ಠಿಯಲ್ಲಿ ನಿವೃತ್ತ ನ್ಯಾಯಾಧೀಶರು ಹಳೆಯ ಪಾಪಗಳಿಗೆ ಬಂದ ಹೊಸ ನಂಬರುಗಳನ್ನು ಒಂದೊಂದಾಗಿ ಓದಿಸಿದರು. ಕೊಲೆ ನೂರಾ ಮೂರಕ್ಕೆ ಬಂದಿತ್ತು. ಮೌನೇಶ್ವರಿಯ ಪಕ್ಕ ಕೂತ ಮುಷರ್ರಫ್, ದೇವದುರ್ಗದಲ್ಲಿ ಅಪಘಾತದ ಕೇಸುಗಳನ್ನೇ ನೆಚ್ಚಿಕೊಂಡವನು, ಕಿವಿಯ ಬಳಿ ಬಗ್ಗಿ, “ಅಕ್ಕಾ, ಚಾರ್‌ಸೌಬೀಸ್ ಈಗ ಮುನ್ನೂರಾ ಹದಿನೆಂಟು ಆಗ್ಯದಂತ. ಇನ್ನ ನಾವು ಒಬ್ಬರಿಗೊಬ್ಬರು ಬೈಯೂದು ಹ್ಯಾಂಗ? ಬಾಯಿಗಿ ಕುಂದ್ರಂಗಿಲ್ಲ ಅದು” ಅಂದ. ಆಕೆ ನಕ್ಕಳು. ನಕ್ಕ ಮೇಲೆ ವಂಚನೆಯ ಆ ನಂಬರನ್ನು ಹೊಸ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡು, ಬರೆದದ್ದನ್ನೇ ನೋಡುತ್ತ ಕೂತಳು. ತನ್ನ ಅಕ್ಷರ ಇಷ್ಟು ದುಂಡಗಿದೆಯೆಂದು ಎಷ್ಟು ಜನ ಹೊಗಳಿದ್ದರು. ಅರ್ಜಿಯ ಅಂಚಿನಲ್ಲಿ ಬರೆದ ಆ ಒಂದೂವರೆ ಸಾಲೂ ದುಂಡಗೇ ಇತ್ತು, ಕೈ ನಡುಗಿರಲಿಲ್ಲ. ನಡುಗಿದ್ದರೆ ಈಗ ಹೇಳಿಕೊಳ್ಳಲಿಕ್ಕಾದರೂ ಏನೋ ಒಂದು ಇರುತ್ತಿತ್ತು.

ಬೆಳಿಗ್ಗೆ ಉದ್ಘಾಟನೆಯ ಹೊತ್ತಿಗೆ ಸಂಕರ್ಷಣರ ಜೂನಿಯರ್ ವಿಶ್ವೇಶ ಆಕೆಯ ಕೈಗೆ ಶಾಲು, ಹಾರ, ಹಣ್ಣು ಇಟ್ಟ ತಟ್ಟೆ ಕೊಟ್ಟು, “ಮೇಡಂ, ನೀವು ಇದನ್ನ ಹಿಡಕೊಂಡು ಬಾಜೂಕ ನಿಂದರ್ರಿ. ಹೆಣ್ಮಕ್ಕಳು ಹಿಡಿದ್ರ ಛಂದ ಕಾಣಸ್ತದ” ಅಂದಿದ್ದ. ಹನ್ನೊಂದು ವರ್ಷ ವಕೀಲಿ ಮಾಡಿದ ಹೆಂಗಸು ಇಪ್ಪತ್ತು ನಿಮಿಷ ತಟ್ಟೆ ಹಿಡಿದು ನಿಂತಳು. ಅದರಲ್ಲಿ ಆಕೆಗೆ ಅವಮಾನಕ್ಕಿಂತ ಹೆಚ್ಚಾಗಿ ಒಂದು ಬಗೆಯ ನಿರಾಳವೇ ಆಗಿತ್ತೆನ್ನುವುದು ಈಗ ನೆನಪಾಗಿ ಮೈ ಉರಿಯಿತು. ಒಂದು ಕಾಲಕ್ಕೆ ಇದೇ ರಾಯಚೂರಿನ ಹಾಸ್ಟೆಲಿನ ಮಹಡಿಯ ಮೇಲೆ ಹತ್ತು ಹುಡುಗಿಯರು ಕೂತು ಪುಸ್ತಕ ಓದಿ, ಕೂಗಾಡಿ, ಜಗತ್ತನ್ನು ತಿರುವಿ ಹಾಕುವ ಮಾತಾಡುತ್ತಿದ್ದರು. ಎಲ್ಲರಿಗಿಂತ ಜೋರು ಧ್ವನಿ ಆಕೆಯದೇ. ಈಗಲೂ ಪ್ರತಿ ಏಪ್ರಿಲಿನಲ್ಲಿ ಅರಕೇರಾದ ತನ್ನ ಕೇರಿಗೆ ಹೋಗಿ ನೀಲಿ ಬಾವುಟದ ಕೆಳಗೆ ನಿಂತು ಭಾಷಣ ಮಾಡುತ್ತಾಳೆ. ಹೋದ ಏಪ್ರಿಲಿನಲ್ಲಿ ಮುಂದಿನ ಸಾಲಿನಲ್ಲಿ ನೆಲಕ್ಕೆ ಕೂತು ಚಪ್ಪಾಳೆ ಹೊಡೆದವಳು ಅದೇ ಕೇರಿಯ ಯಮನಮ್ಮ, ಆಕೆ ಚಿಕ್ಕಂದಿನಿಂದ ‘ಅತ್ತಿ’ ಎಂದೇ ಕರೆಯುತ್ತಿದ್ದ ಹೆಂಗಸು. ಭಾಷಣ ಮುಗಿದ ಮೇಲೆ ಹತ್ತಿರ ಬಂದು, “ಎಷ್ಟ್ ಛಂದ ಒದರತೀಯವ್ವ, ನನ್ನ ಕೇಸಿನ್ಯಾಗೂ ಹಿಂಗ ಒದರು” ಅಂದಿದ್ದಳು.

ಕೋರಾ ಹಾಳೆಯ ಪದ್ಧತಿಯನ್ನು ಆಕೆ ಕಲಿತದ್ದು ಸಂಕರ್ಷಣರ ಆಫೀಸಿನಲ್ಲಿ, ಜೂನಿಯರಾಗಿದ್ದಾಗ. ಯಾವ ಕಾನೂನು ಕಾಲೇಜೂ ಕಲಿಸದ ಪಾಠ. ದೇವದುರ್ಗ ಕಡೆಯ ಪಾರ್ಟಿಗಳು ವರ್ಷದಲ್ಲಿ ಎಂಟು ತಿಂಗಳು ಊರಲ್ಲಿ ಇರುವುದಿಲ್ಲ, ಬೆಂಗಳೂರೋ ಹೈದರಾಬಾದೋ ಪುಣೆಯೋ, ದುಡಿಯಲಿಕ್ಕೆ ಹೋಗಿರುತ್ತಾರೆ. ಕೋರ್ಟು ಮಾತ್ರ ಒಂದೇ ಕಡೆ ಇರುತ್ತದೆ. ಅದಕ್ಕೇ ವಕಾಲತ್ತಿಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವಾಗಲೇ ಇನ್ನೂ ನಾಲ್ಕು ಖಾಲಿ ಹಾಳೆಗಳ ತಳದಲ್ಲಿ ಒತ್ತಿಸಿ ಇಟ್ಟುಕೊಂಡುಬಿಡಬೇಕು. ವಾಯಿದೆ ಕೇಳುವ ಅರ್ಜಿ, ತಕರಾರು, ಏನು ಬೇಕಾದರೂ ಮೇಲೆ ಟೈಪು ಮಾಡಿಕೊಳ್ಳಬಹುದು. ಮನುಷ್ಯ ಸಿಮೆಂಟು ಕಲಸುತ್ತಿರುತ್ತಾನೆ, ಅವನ ಬೆರಳು ವಕೀಲರ ಕಪಾಟಿನಲ್ಲಿ ಕೂತು ಅವನ ಪರವಾಗಿ ಕೋರ್ಟಿಗೆ ಹಾಜರಾಗುತ್ತದೆ. “ಇದು ಪಾರ್ಟಿಗೆ ನಾವು ಮಾಡೋ ಉಪಕಾರ,” ಎಂದು ಸಂಕರ್ಷಣ ಮೊದಲ ವಾರವೇ ಹೇಳಿದ್ದರು, “ಬಸ್ಸಿನ ಖರ್ಚು ಉಳೀತದ, ಅವರ ಕೂಲಿ ಉಳೀತದ.” ಆಕೆಗೆ ಅದು ನಿಜವಾಗಿಯೂ ಉಪಕಾರವಾಗಿಯೇ ಕಂಡಿತ್ತು. ಒಬ್ಬ ದುಷ್ಟನಿಂದ ಕಲಿತಿದ್ದರೆ ಅನುಮಾನ ಬರುತ್ತಿತ್ತೇನೋ. ಸಂಕರ್ಷಣ ದುಷ್ಟರಲ್ಲ. ಏಕಾದಶಿಗೆ ನೀರೂ ಕುಡಿಯದವರು, ಯಾರ ಮೇಲೂ ಧ್ವನಿ ಏರಿಸದವರು. ಆಫೀಸಿನ ಗುಮಾಸ್ತರೂ ಜೂನಿಯರುಗಳೂ ಸ್ಟೀಲಿನ ಲೋಟದಲ್ಲಿ ಚಹಾ ಕುಡಿಯುತ್ತಿದ್ದಾಗ ಆಕೆಗೊಬ್ಬಳಿಗೇ ಕಾಗದದ ಕಪ್ಪಿನಲ್ಲಿ ತರಿಸಿ, “ನಿನಗ ಸ್ವಚ್ಛ ಇರ್ಲಿ ಅಂತ” ಎಂದು ಎಷ್ಟು ಮೆದುವಾಗಿ ಹೇಳಿದ್ದರು! ಮೊದಲ ಒಂದು ತಿಂಗಳು ಅದನ್ನೊಂದು ಮರ್ಯಾದೆಯೆಂದೇ ತಿಳಿದು ಆಕೆ ಅವ್ವನಿಗೆ ಫೋನಿನಲ್ಲಿ ಹೇಳಿಕೊಂಡಿದ್ದಳು.

ಮಾನವಿಯಲ್ಲಿ ಅವರ ಹಳೆಯ ಮನೆಯ ಪೂಜೆಗೆ ಆಫೀಸಿನವರೆಲ್ಲ ಹೋಗಿದ್ದರು. ಸಂಕರ್ಷಣರ ತಾಯಿ ಜಯಾಬಾಯಿ ಬಾಗಿಲಲ್ಲೇ ಕೈ ಹಿಡಿದು, “ಯಾರ ಪೈಕಿ ನೀ, ಮಗಳ?” ಎಂದು ಕೇಳಿದ್ದರು. ಆಕೆ ಊರಿನ ಹೆಸರು ಹೇಳಿದಳು. ಮುದುಕಿ ಊರಿನ ಹೆಸರಿಗೆ ನಿಲ್ಲದೆ ಇನ್ನೊಂದು ಪ್ರಶ್ನೆ ಕೇಳಿದರು, ಆಮೇಲೆ ಕೈ ಬಿಟ್ಟರು. ಆವತ್ತು ಆಕೆಯ ಊಟ ಕಾರು ನಿಲ್ಲಿಸುವ ತಗಡಿನ ಶೆಡ್ಡಿನಲ್ಲಿ, ಡ್ರೈವರುಗಳ ಜೊತೆ. ತಡವಾಗಿ ಬಂದೆನಲ್ಲ, ಒಳಗೆ ಪಂಕ್ತಿ ತುಂಬಿರಬೇಕು ಎಂದು ಆಕೆ ತನಗೆ ತಾನೇ ವಕಾಲತ್ತು ವಹಿಸಿಕೊಂಡು ವಾದ ಗೆದ್ದಳು. ಇಂಥ ಎಷ್ಟು ಕೇಸು ಗೆದ್ದಿದ್ದಾಳೆ, ಲೆಕ್ಕವಿಲ್ಲ. ಸೆಪ್ಟೆಂಬರಿನಲ್ಲಿ ಸಂಕರ್ಷಣರ ಫೋನು ಬಂದಾಗಲೂ ಅಷ್ಟೆ. “ಮೌನೇಶ್ವರಿ, ನೀ ನಮ್ಮ ಆಫೀಸಿನ ಹುಡುಗಿ ಅಂತ ಹೇಳ್ಲಿಕ್ಕತ್ತೀನಿ. ಯಮನಮ್ಮನ ಕೇಸಿನಾಗ ನಿನ್ನ ಕಡೆ ಕಾಗದ ಗಟ್ಟಿ ಇಲ್ಲ. ಗಂಡ ಕನಕಪ್ಪ ಮಾರಿದ್ದು ಖರೇ ಅಂತಾದ್ರ ಆಕಿಗಿ ಏನೂ ಸಿಗೂದಿಲ್ಲ. ನಮ್ಮ ಪಾರ್ಟಿ ಊರ ಮಗ್ಗಲಿಗೆ ಒಂದು ಮನಿ ಜಾಗ ಬಿಟ್ಟು ಕೊಡ್ತಾರ. ಶನಿವಾರ ಅದಾಲತ್ ಅದ, ಜಡ್ಜ್ ಸಾಹೇಬ್ರಿಗೂ ಮುಗಿಸಿದ ಕೇಸಿನ ನಂಬರ್ ಬೇಕಾಗ್ಯಾವ. ಮುಗಿಸಿಬಿಡು.” ಅವರ ಪಾರ್ಟಿ ಹತ್ತಿ ಮಿಲ್ಲಿನವರು. ಕೇಸು ಅಷ್ಟೇನೂ ಸಡಿಲಿರಲಿಲ್ಲ; ಸರ್ಕಾರ ಮಂಜೂರು ಮಾಡಿದ ಜಮೀನು, ಅಪ್ಪಣೆಯಿಲ್ಲದೆ ಮಾರುವಂತಿಲ್ಲ, ಅದು ಆಕೆಗೂ ಗೊತ್ತು, ಅವರಿಗೂ ಗೊತ್ತು. ಆಕೆ ಯಮನಮ್ಮನಿಗೆ ಎರಡು ಸಲ ಫೋನು ಹಚ್ಚಿದಳು. ಸ್ವಿಚ್ಡ್ ಆಫ್. ಮೂರನೇ ಸಲ ಹಚ್ಚಲಿಲ್ಲ. ಕಪಾಟು ತೆರೆದಳು. ಅದಾಲತ್‌ನಲ್ಲಿ ಪಾರ್ಟಿ ಎಲ್ಲಿ ಎಂದು ಕೇಳಿದಾಗ, ಜ್ವರ ಬಂದು ಮಲಗಿದ್ದಾಳೆ, ಸ್ವಾಮಿ, ನಾನು ಗುರುತಿಸಿದ್ದೇನೆ ಅಂದಳು. ಸಂಜೆ ಸಂಕರ್ಷಣ ಫೋನಿನಲ್ಲಿ, “ಶಾಭಾಸ್” ಅಂದರು. ಮೂರು ಎಕರೆಗೆ ಆಕೆ ಪಡೆದದ್ದು ಅದೊಂದೇ ಶಬ್ದ. ಲಂಚ ತಿಂದಿದ್ದರೆ ಅದೂ ಒಂದು ಮನುಷ್ಯ ಸ್ವಭಾವ ಅನ್ನಬಹುದಿತ್ತು.

“…ಉದಾಹರಣೆಗೆ,” ಎಂದು ಮೈಕಿನಲ್ಲಿ ಸಂಕರ್ಷಣರ ಧ್ವನಿ ಕೇಳಿ ಮೌನೇಶ್ವರಿ ಎಚ್ಚರಾದಳು. ಹನ್ನೆರಡರ ಗೋಷ್ಠಿ ಯಾವಾಗ ಸುರುವಾಯಿತೋ. “ವಕೀಲನಾದವನು ಜಗಳ ಬೆಳೆಸುವವನಲ್ಲ, ಜಗಳ ಆರಿಸುವವನು. ಕಕ್ಷಿದಾರರ ಹಿತವನ್ನು ಕೆಲವೊಮ್ಮೆ ಕಕ್ಷಿದಾರರಿಗಿಂತ ನಾವೇ ಚೆನ್ನಾಗಿ ಬಲ್ಲೆವು. ಈಚೆಗೆ ದೇವದುರ್ಗದ ಒಂದು ಪ್ರಕರಣದಲ್ಲಿ, ಒಬ್ಬ ಅನಕ್ಷರಸ್ಥ ಹೆಣ್ಣುಮಗಳು, ಆರು ವರ್ಷದ ವ್ಯಾಜ್ಯ. ಎದುರು ಬದಿಯಲ್ಲಿದ್ದವರು ನನ್ನ ಶಿಷ್ಯೆಯೇ. ಆಕೆ ಹಟ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ತನ್ನ ಕಕ್ಷಿದಾರಳನ್ನು ಕೂಡಿಸಿಕೊಂಡು, ಆಕೆಯ ಭಾಷೆಯಲ್ಲಿ ತಿಳಿಸಿ ಹೇಳಿ, ಒಪ್ಪಿಸಿ, ಒಂದೇ ದಿನದಲ್ಲಿ ರಾಜಿ. ಮೌನೇಶ್ವರಿಯವರೇ, ಒಂದು ನಿಮಿಷ ಎದ್ದು ನಿಲ್ಲಿ.” ಇನ್ನೂರು ತಲೆಗಳು ತಿರುಗಿದವು. ಆಕೆ ಎದ್ದಳು. ಕೈ ಮುಗಿದಳು. ಚಪ್ಪಾಳೆ ಬಿತ್ತು. ಈ ಮನುಷ್ಯನಿಗೆ ಎಲ್ಲ ಗೊತ್ತಿದೆ, ಗೊತ್ತಿದ್ದೂ ಇದನ್ನೇ ಪಾಠ ಮಾಡಿದ್ದಾನೆ, ಅಥವಾ ಹೇಳಿ ಹೇಳಿ ಈಗ ನಂಬಿಯೇ ಬಿಟ್ಟಿದ್ದಾನೆ, ಎರಡರಲ್ಲಿ ಯಾವುದು ಹೊಲಸು ಎಂದು ಒಳಗೆ ಒಂದು ಧ್ವನಿ ಕೇಳುತ್ತಿತ್ತು. ಮುಖ ಮಾತ್ರ ನಗುತ್ತಿತ್ತು. ತನ್ನ ಮುಖ ತನ್ನನ್ನು ಕೇಳದೇ ನಗುವುದನ್ನು ಯಾವಾಗ ಕಲಿಯಿತು? ಮುಂದಿನ ಸಾಲಿನವನೊಬ್ಬ ಹಿಂದೆ ತಿರುಗಿ, “ಅಭಿನಂದನೆ ಮೇಡಂ” ಅಂದ. ಆಕೆ “ಥ್ಯಾಂಕ್ಸ್ ರೀ” ಅಂದಳು.

ಊಟದ ಬಿಡುವಿನಲ್ಲಿ ಮುಷರ್ರಫ್ ತಟ್ಟೆ ಹಿಡಿದುಕೊಂಡೇ ಓಡಿಬಂದ. “ಅಕ್ಕಾ, ಹಿತ್ತಲ ಕಡಿ ಬರ್ರಿ. ನಿಮ್ಮ ಪಾರ್ಟಿ ಬಂದಾಳ. ಬೋಗುಣಿ ತಿಕ್ಕಾಕತ್ತಾಳ.” ಅಡುಗೆ ಮನೆಯ ಹಿಂದೆ ನಳದ ಕೆಳಗೆ ಕೂತು ಯಮನಮ್ಮ ಅನ್ನದ ಬೋಗುಣಿಗೆ ನೀರು ಹಾಕುತ್ತಿದ್ದಳು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೈಚೀಲವನ್ನು ಒದ್ದೆಯಾಗದಂತೆ ಗೋಡೆಯ ಮೊಳೆಗೆ ನೇತುಹಾಕಿದ್ದಳು.

“ಅತ್ತೀ, ಏನಿದು? ನೀ ಯಾಕ ಇಲ್ಲಿಗಿ ಬಂದಿ?”

“ಮುಂದಿನ ಬಾಗಿಲಾಗ ಬಂದಿದ್ದೆ. ಆ ಕಾವಲಿನವ, ಕೆಲಸದವ್ರು ಹಿತ್ತಲಾಗ ಹೋಗ್ರಿ ಅಂದ. ಹಿತ್ತಲಾಗ ಬಂದ್ರ ಅಡಿಗಿಯಾಕಿ ಬೋಗುಣಿ ಕೊಟ್ಲು. ಸುಮ್ಮ ಕುಂತು ಏನ್ ಮಾಡ್ಲಿ, ಎರಡು ತಿಕ್ಕಿದೆ.” ಯಮನಮ್ಮ ಎದ್ದು ಕೈ ಒರೆಸಿಕೊಂಡಳು. “ನಿನ್ನ ಆಫೀಸಿನ್ಯಾಗ ಟೈಪ್ ಹೊಡಿಯೂ ಹುಡುಗಿ ಹೇಳಿದ್ಲು, ಮೇಡಂಗ ರಾಯಚೂರಾಗ ಸಾಲಿ ಅದ, ಕಾನೂನು ಮತ್ತ ಕಲಿಸ್ತಾರ ಅಂತ. ಬರೋಬ್ಬರಿ ಆತು ಬಿಡು ಅಂದೆ. ತಪ್ಪು ಮಾಡಿದ ವಕೀಲರನ್ನ ಸರ್ಕಾರ ತಿರುಗಿ ಸಾಲಿಗಿ ಹಾಕ್ಯಾದ. ನಾನೂ ಹೋಗಿ ಮಾಸ್ತರಿಗಿ ಒಂದು ಮಾತು ಹೇಳಿ ಬರ್ತೀನಿ ಅಂತ ನಸುಕಿನ್ಯಾಗ ಬಸ್ ಹತ್ತಿದೆ.”

“ಹಂಗಲ್ಲತ್ತಿ. ಇದು ತಪ್ಪು ಮಾಡಿದವ್ರಿಗಿ ಅಲ್ಲ. ಎಲ್ಲಾ ವಕೀಲರಿಗಿ.”

“ಎಲ್ಲಾರೂ ಮಾಡ್ಯಾರೇನು ಹಂಗಾರ?”

ಮುಷರ್ರಫ್ ಬಾಯಲ್ಲಿದ್ದ ಅನ್ನವನ್ನು ಉಗುಳದಂತೆ ತಡೆದುಕೊಂಡ. “ಅವ್ವಾ, ನೀ ಬರೋಬ್ಬರಿ ಜಾಗಕ್ಕ ಬಂದೀದಿ” ಎಂದು ಹೇಳಿ, ಮೌನೇಶ್ವರಿಯ ಮುಖ ನೋಡಿ, ತಟ್ಟೆಯೊಂದಿಗೆ ಅಲ್ಲಿಂದ ಸರಿದುಹೋದ.

“ಮಾಸ್ತರ ಯಾರು?” ಎಂದು ಯಮನಮ್ಮ ಕೇಳಿದಳು. “ಅಂಜಬ್ಯಾಡ. ಹೊಡಿಯೂದು ಬೈಯೂದು ಬ್ಯಾಡ, ನಮ್ಮ ಮನಿ ಹುಡುಗಿ ಅಂತ ಹೇಳ್ತೀನಿ. ಬರದಿದ್ದನ್ನ ತಿದ್ದಿಸಿ ಕೊಟ್ರ ಸಾಕು.”

ಅದು ಚುಚ್ಚುಮಾತಾಗಿದ್ದರೆ ಮೌನೇಶ್ವರಿ ತಡೆದುಕೊಳ್ಳುತ್ತಿದ್ದಳು. ಯಮನಮ್ಮ ಅದನ್ನು ಪೂರ್ತಿ ನಂಬಿಕೊಂಡು ಹೇಳಿದ್ದಳು. ದಸರೆಗೆ ಬೆಂಗಳೂರಿನಿಂದ ಬಂದು, ಹನ್ನೆರಡು ವರ್ಷ ಬಗ್ಗಿ ಕಲ್ಲು ಆರಿಸಿದ ಹೊಲದಲ್ಲಿ ಬೇರೆಯವರ ಟ್ರ್ಯಾಕ್ಟರು ಕಂಡಾಗಿನಿಂದ ಯಮನಮ್ಮ ಮೂರು ಸಲ ದೇವದುರ್ಗದ ಆಫೀಸಿಗೆ ಬಂದಿದ್ದಳು. ಮೂರು ಸಲವೂ ಮೌನೇಶ್ವರಿ, ಅದಾಲತ್‌ನ ತೀರ್ಪಿಗೆ ಅಪೀಲಿಲ್ಲ, ಕಲಬುರ್ಗಿಯ ಹೈಕೋರ್ಟು ಪೀಠಕ್ಕೆ ರಿಟ್ ಹಾಕಬೇಕು, ಕಷ್ಟ, ನೋಡೋಣ ಎಂದು ಹೇಳಿ ಕಳಿಸಿದ್ದಳು. ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಹೇಳದೇ ಬಿಟ್ಟದ್ದು ಒಂದೇ. ಕಲಬುರ್ಗಿಯಲ್ಲಿ ಆ ಹೊಲ ಬದುಕಬೇಕಾದರೆ ಒಬ್ಬರ ಅಫಿಡವಿಟ್ಟು ಸಾಕು. ಯಮನಮ್ಮ ಬಂದಿರಲಿಲ್ಲ, ನಾನು ಖಾಲಿ ಹಾಳೆಯ ಮೇಲೆ ಮೊದಲೇ ಒತ್ತಿಸಿಕೊಂಡಿದ್ದೆ, ಆಕೆಗೆ ಏನನ್ನೂ ಓದಿ ಹೇಳಿಲ್ಲ ಎಂದು ಮೌನೇಶ್ವರಿಯೆಂಬ ವಕೀಲೆ ಪ್ರಮಾಣ ಮಾಡಿ ಬರೆದುಕೊಡಬೇಕು. ಬರೆದುಕೊಟ್ಟ ದಿನ ಆಕೆಯ ವಕೀಲಿಯ ಸನದಿಗೆ ಸಂಚಕಾರ. ಕೇರಿಯ ಮೊದಲ ಕರಿಕೋಟು. ಅವ್ವ ಅದನ್ನು ಇಸ್ತ್ರಿ ಮಾಡಿ ಮೊಳೆಗೆ ಹಾಕುವಾಗ ಒಂದು ಸಲ ಕೈಯಿಂದ ಸವರುತ್ತಾಳೆ. ಕೇರಿಗೊಬ್ಬಳು ವಕೀಲೆ ಉಳಿಯುವುದು ದೊಡ್ಡದೋ, ಒಬ್ಬಳ ಮೂರು ಎಕರೆ ದೊಡ್ಡದೋ ಎಂದು ಬಸ್ಸಿನಲ್ಲಿ, ಸ್ನಾನದಲ್ಲಿ, ಅಡುಗೆಯ ಒಲೆಯ ಮುಂದೆ ಆಕೆ ಮೂರು ತಿಂಗಳಿಂದ ವಾದ ಮಾಡುತ್ತಿದ್ದಳು. ಸಮುದಾಯದ ಹಿತ ಎಂಬ ದೊಡ್ಡ ಮಾತನ್ನು ತನ್ನ ಹೊಟ್ಟೆಪಾಡಿಗೆ ಹೊದಿಸಿ ನೋಡುತ್ತಿದ್ದಳು. ಎಷ್ಟು ಎಳೆದರೂ ಕಾಲು ಹೊರಗೆ ಕಾಣುತ್ತಿತ್ತು.

“ಅತ್ತಿ, ನೀ ಈಗ ಬಸ್‌ಸ್ಟ್ಯಾಂಡಿಗಿ ಹೋಗು. ನಾ ಮುಗಿಸಿಕೊಂಡು ಬರ್ತೀನಿ, ಕೂಡಿ ಹೋಗೂಣು” ಅಂದಳು. ಯಮನಮ್ಮ ತಲೆಯಾಡಿಸಿದಳು. ತಲೆಯಾಡಿಸಿ, ಮೊಳೆಯಿಂದ ಚೀಲ ತೆಗೆದುಕೊಂಡು, ಅಲ್ಲೇ ಕಟ್ಟೆಯ ಮೇಲೆ ಕೂತಳು.

ಅಷ್ಟರಲ್ಲಿ ವಿಶ್ವೇಶ ಬಂದು ಸರ್ ಕರೆಯುತ್ತಿದ್ದಾರೆಂದ. ಸಂಕರ್ಷಣ ವಧುವಿನ ಕೋಣೆಯಲ್ಲಿ ಒಬ್ಬರೇ ಕೂತು ಬಾಳೆಹಣ್ಣು ಸುಲಿಯುತ್ತಿದ್ದರು. ಹೊರಗಿನ ಅಡುಗೆ ಅವರು ಮುಟ್ಟುವುದಿಲ್ಲ. ಕನ್ನಡಿಯ ಅಂಚಿಗೆ ಯಾವಳೋ ಮದುಮಗಳು ಅಂಟಿಸಿ ಮರೆತ ಕುಂಕುಮದ ಬೊಟ್ಟುಗಳಿದ್ದವು. ಆಕೆಗೆ ಕೂರಲು ಹೇಳಲಿಲ್ಲ, ಆಕೆಯೂ ಕೂರಲಿಲ್ಲ.

“ಹಿತ್ತಲಾಗ ಕೂತಾಳಲ್ಲ, ಆಕಿನ ಯಮನಮ್ಮ?”

“ಹೌದ್ರಿ ಸರ್.”

“ಕಲಬುರ್ಗಿಯ ಯಾರೋ ವಕೀಲರ ಹತ್ರ ಹೋಗಿ ಬಂದಾಳಂತ. ನಿನಗ ಹೇಳಿಲ್ಲೇನು? ಹೇಳಂಗಿಲ್ಲ, ಹ್ಯಾಂಗ ಹೇಳ್ತಾಳ.” ಹಣ್ಣಿನ ನಾರನ್ನು ಒಂದೊಂದಾಗಿ ಬಿಡಿಸಿ ಸಿಪ್ಪೆಯ ಮೇಲಿಟ್ಟರು. “ನೀ ಏನೂ ಗಾಬರಿ ಆಗಬ್ಯಾಡ. ಆವತ್ತು ಅಂಚಿನಾಗ ಏನು ಬರದಿದ್ದಿ, ಯಾರು ಕೇಳಿದರೂ ಅದನ್ನಷ್ಟೇ ಹೇಳು. ಹೊಸದು ಏನೂ ಬ್ಯಾಡ. ಬೇರೆ ಹೇಳಿದ್ರ ಬಾರ್ ಕೌನ್ಸಿಲ್ಲು ಸನದು ಕಸಗೋತದ. ನನ್ನದಲ್ಲವಾ, ನಿನ್ನದು. ಗುರುತಿಸಿದಾಕಿ ನೀನು. ನಾ ಆಕಿ ಮಾರಿನೂ ನೋಡಿಲ್ಲ.” ಅವರ ದನಿಯಲ್ಲಿ ನಿಜವಾದ ಕಕ್ಕುಲಾತಿ ಇತ್ತು. ಒಂದು ಬಾಳೆಹಣ್ಣನ್ನು ಕೈಗೆ ತಾಗದಂತೆ ಮೇಜಿನ ಮೇಲೆ ಆಕೆಯತ್ತ ಸರಿಸಿದರು. ಆಕೆ ಅದನ್ನು ತೆಗೆದುಕೊಂಡಳು. ಹೊರಗೆ ಬಂದ ಮೇಲೆ, ಯಾಕೆ ತೆಗೆದುಕೊಂಡೆ ಎಂದು ಹಣ್ಣನ್ನೇ ನೋಡುತ್ತ ನಿಂತು, ಎಲ್ಲಿ ಬಿಸಾಡಬೇಕೆಂದು ತಿಳಿಯದೆ ಕಿಟಕಿಯ ಮೇಲಿಟ್ಟಳು.

ಮಧ್ಯಾಹ್ನ ನಿದ್ದೆಯಲ್ಲಿ ಕಳೆಯಿತು. ಕಾಲು ಹೋದವನ ವಯಸ್ಸಿಗೆ ಯಾವ ಅಂಕಿಯಿಂದ ಗುಣಿಸಬೇಕೆಂದು ಒಬ್ಬರು ಹೇಳಿದರು. ಹೆಂಡತಿಗೆ ಜೀವನಾಂಶ ಕೊಡದೆ ಎಳೆಯುವುದು ಹೇಗೆಂದು ಇನ್ನೊಬ್ಬರು, ಹಾಗೆ ಎಳೆಯಬಾರದೆಂಬ ಶೀರ್ಷಿಕೆಯ ಕೆಳಗೆ, ಸೊಗಸಾಗಿ ವಿವರಿಸಿದರು. ಕಾರ್ಮಿಕ ಕಾನೂನಿನ ಗೋಷ್ಠಿಗೆ ಹೊತ್ತು ಸಾಲಲಿಲ್ಲವೆಂದು ಅದನ್ನು ಹಾರಿಸಿ ಪ್ರಶ್ನೋತ್ತರಕ್ಕೆ ಬಂದರು. ಇಬ್ಬರು ಮೂವರು ಎದ್ದು, ಪ್ರಶ್ನೆಯ ನೆಪದಲ್ಲಿ ಸಂಕರ್ಷಣರನ್ನು ಹೊಗಳಿ ಕೂತರು. “ಇನ್ನು ಯಾರಾದರೂ?” ಎಂದು ವಿಶ್ವೇಶ ಮೈಕು ಎತ್ತಿ ಸುತ್ತ ನೋಡಿದ. ಅಡುಗೆ ಮನೆಯ ಕಡೆಯ ಬಾಗಿಲ ಬಳಿ, ಚೀಲವನ್ನು ಎದೆಗವಚಿಕೊಂಡು ನಿಂತಿದ್ದ ಯಮನಮ್ಮ ಕೈ ಎತ್ತಿದ್ದಳು. ನೆಟ್ಟಗೆ, ಒಂದನೇ ಇಯತ್ತೆಯ ಮಕ್ಕಳು ಎತ್ತುವ ಹಾಗೆ.

ವಿಶ್ವೇಶ ದಾಪುಗಾಲಿಡುತ್ತ ಮೌನೇಶ್ವರಿಯ ಹತ್ತಿರ ಬಂದು, “ಮೇಡಂ, ನಿಮ್ಮ ಪಾರ್ಟಿ. ಹೊರಗ ಕರಕೊಂಡು ಹೋಗ್ರಿ, ಲಗೂನ” ಎಂದು ಪಿಸುಗುಟ್ಟಿದ. ಆದರೆ ವೇದಿಕೆಯ ಮೇಲಿನಿಂದ ನಿವೃತ್ತ ನ್ಯಾಯಾಧೀಶರು, ಇಡೀ ದಿನದಲ್ಲಿ ಮೊದಲ ಸಲ ಉತ್ಸಾಹಗೊಂಡು, “ಇರಲಿ, ಇರಲಿ! ಜನಸಾಮಾನ್ಯರೂ ಬಂದಿದ್ದಾರೆ, ಒಳ್ಳೆಯದೇ. ಕೇಳಮ್ಮಾ” ಅಂದರು. ಯಮನಮ್ಮ ಎರಡು ಸಾಲುಗಳ ನಡುವೆ ನಡೆದು ಬಂದು ಮೌನೇಶ್ವರಿಯ ಕುರ್ಚಿಯ ಪಕ್ಕ ನಿಂತಳು. ಆಕೆಯ ಸೀರೆಯ ಅಂಚು ಒದ್ದೆಯಿತ್ತು.

“ಇಲ್ಲಿ ಮಾಸ್ತರ ಯಾರ್ರಿ?”

ಸಭೆಯಲ್ಲಿ ನಗೆ ಎದ್ದಿತು. ಸಂಕರ್ಷಣರೂ ನಕ್ಕರು. “ನಾನೇ ಅಂತ ತಿಳಕೋಮ್ಮಾ. ಏನಾಗಬೇಕಿತ್ತು?”

“ನನ್ನ ಹೆಸರು ಯಮನಮ್ಮ ಅರಕೇರಾ. ಈಕಿ ನನ್ನ ವಕೀಲಿ. ಛಲೋ ಹುಡುಗಿ ಅದಾಳ, ಏನೂ ಅನ್ನಬ್ಯಾಡ್ರಿ. ನಾ ಬೆಂಗ್ಳೂರಾಗ ಇದ್ದಾಗ ನನ್ನ ಹೊಲ ಬರಕೊಟ್ಟೀನಿ ಅಂತ ಕಾಗದ ಆಗ್ಯದ. ನಾ ಕೊಟ್ಟಿಲ್ಲ. ಏನೋ ತಪ್ಪಾಗ್ಯದ ಈಕಿ ಕಡಿಂದ. ತಿದ್ದಿಸಿ ಕೊಡ್ರಿ.”

ನಗೆ ಎಲ್ಲಿಂದಲೋ ಒಂದು ಕಡೆಯಿಂದ ನಿಲ್ಲುತ್ತ ಬಂತು. ಮುಷರ್ರಫ್ ತನ್ನ ಬೂಟುಗಳನ್ನು ನೋಡುತ್ತಿದ್ದ. ಸಂಕರ್ಷಣ ಗಂಟಲು ಸರಿಮಾಡಿಕೊಂಡರು. “ನೋಡಿದಿರಾ, ಇದೇ ನಾನು ಹೇಳಿದ್ದು. ರಾಜಿಯಾದ ಮೇಲೂ ಕಕ್ಷಿದಾರರ ಮನಸ್ಸು ಹೊಯ್ದಾಡುತ್ತದೆ, ಸುತ್ತಮುತ್ತಲಿನವರು ಕಿವಿ ಊದುತ್ತಾರೆ. ಆಗ ತಾಳ್ಮೆ ಬೇಕು. ಮೌನೇಶ್ವರಿಯವರೇ, ಈ ತಾಯಿ ನಿಮ್ಮ ಮುಂದೆ ಬಂದು, ಓದಿಸಿ ಕೇಳಿ, ಒಪ್ಪಿ ಹೆಬ್ಬೆಟ್ಟು ಒತ್ತಿದ್ದನ್ನು ಸಭೆಗೆ ಹೇಳಿ. ವಿಶ್ವೇಶ, ಅವರಿಗೆ ಮೈಕ್ ಕೊಡಪ್ಪಾ.”

ಮೈಕು ಕೈಗೆ ಬಂತು, ಬೆವರಿನಿಂದ ಬೆಚ್ಚಗಿತ್ತು. ಮೌನೇಶ್ವರಿ ಎದ್ದಳು. ವಾಕ್ಯ ಸಿದ್ಧವಾಗಿತ್ತು. ಅದು ಯಾವಾಗಲೂ ಸಿದ್ಧವಾಗಿರುತ್ತದೆ, ಹನ್ನೊಂದು ವರ್ಷದ ಅಭ್ಯಾಸ: ನನ್ನ ಕಕ್ಷಿದಾರಳು ಮುಗ್ಧೆ, ಆಕೆಗೆ ಮರೆವು, ನಾನು ಹೊರಗೆ ಕೂಡಿಸಿಕೊಂಡು ತಿಳಿಸಿ ಹೇಳುತ್ತೇನೆ. ಎಷ್ಟು ಸಭ್ಯವಾದ ವಾಕ್ಯ. ಯಾರಿಗೂ ನೋವಾಗದು. ಸಂಕರ್ಷಣ ಕೆಂಪು ಕುರ್ಚಿಯಿಂದ ಪ್ರೋತ್ಸಾಹದ ನಗೆ ನಗುತ್ತಿದ್ದರು, ಭಾಷಣ ಮರೆತ ಮಗುವನ್ನು ನೋಡಿ ನಗುವ ಹಾಗೆ. ಆ ನಗೆ ಕಂಡಾಗಲೆಲ್ಲ ಆಕೆಯೊಳಗೆ ಒಂದು ನಾಯಿ ಬಾಲ ಅಲ್ಲಾಡಿಸುತ್ತಿತ್ತು, ಈಗಲೂ ಅಲ್ಲಾಡಿಸಿತು. ಇನ್ನೂರು ಜನ ಕಾಯುತ್ತಿದ್ದರು. ಅವರಲ್ಲಿ ನೂರಾ ತೊಂಬತ್ತು ಜನರ ಕಪಾಟಿನಲ್ಲಿ ಕೋರಾ ಹಾಳೆಗಳಿವೆಯೆಂದು ಆಕೆಗೆ ಗೊತ್ತಿತ್ತು. ಅವರಿಗೂ ಗೊತ್ತಿತ್ತು. ಅದಕ್ಕೇ ಯಾರೂ ಕೆಮ್ಮುತ್ತಿರಲಿಲ್ಲ.

ಯಮನಮ್ಮ ಆಕೆಯ ಮೊಣಕೈಯನ್ನು ಮೆಲ್ಲಗೆ ತಿವಿದಳು. “ಲಗೂ ಹೇಳವ್ವ. ಐದರ ಬಸ್ ತಪ್ತದ.”

ಆಕೆ ಮೂರು ತಿಂಗಳಿಂದ ಒಳಗೊಳಗೇ ನಡೆಸಿದ್ದ ಅಷ್ಟು ದೊಡ್ಡ ವಾದ, ಸಮುದಾಯ, ಕರಿಕೋಟು, ಅವ್ವ, ಎಲ್ಲವೂ ಒಂದು ಬಸ್ಸಿನ ಮುಂದೆ ಹೀಗೆ ನಾಚಿಕೆಯಿಲ್ಲದೆ ನಿಂತಿದ್ದು ಕಂಡು ಮೌನೇಶ್ವರಿಗೆ ತನ್ನ ಮೇಲೆಯೇ ಹೇಸಿಗೆ ಬಂತು.

“ಈಕಿ ಬಂದಿರಲಿಲ್ಲ,” ಅಂದಳು. ಮೈಕು ಆಕೆಯ ಧ್ವನಿಯನ್ನು ಮಂಟಪದ ಮೂಲೆ ಮೂಲೆಗೂ ಒಯ್ದಿತು. “ಆವತ್ತು ಈಕಿ ಬೆಂಗ್ಳೂರಾಗ ಇದ್ಲು. ಹೆಬ್ಬೆಟ್ಟು ನಾನು ಆರು ವರ್ಷದ ಹಿಂದ ಖಾಲಿ ಹಾಳಿ ಮ್ಯಾಲ ತಗೊಂಡಿದ್ದೆ. ಈಕಿಗಿ ನಾ ಏನೂ ಓದಿ ಹೇಳಿಲ್ಲ. ಅಂಚಿನ್ಯಾಗ ಬರದಿದ್ದು ಸುಳ್ಳು. ನಾಳೆ ಇದನ್ನ ಅಫಿಡವಿಟ್ ಮಾಡಿ ಕಲಬುರ್ಗಿಗಿ ಕಳಸ್ತೀನಿ.”

ಥರ್ಮಾಕೋಲಿನ ನವಿಲುಗಳ ಕೆಳಗೆ ನಿವೃತ್ತ ನ್ಯಾಯಾಧೀಶರು ಕೈಗಡಿಯಾರ ನೋಡಿಕೊಂಡರು. ಹಿಂದಿನ ಸಾಲಿನಲ್ಲಿ ಯಾರದೋ ಫೋನು ಭಕ್ತಿಗೀತೆಯಲ್ಲಿ ಬಡಿದುಕೊಳ್ಳತೊಡಗಿತು, ಅವನು ಅದನ್ನು ಆರಿಸಲು ಪರದಾಡುತ್ತಿದ್ದ. ಸಂಕರ್ಷಣ ಎದ್ದು ನಿಂತಿದ್ದರು. ಅವರ ಧ್ವನಿ ಏರಿರಲಿಲ್ಲ, ಆದರೆ ಮೈಕಿನ ಕನ್ನಡ ಹೋಗಿ ಆಫೀಸಿನ ಕನ್ನಡ ಬಂದಿತ್ತು.

“ಮೌನೇಶ್ವರಿ, ನಿನಗ ಆರಾಮಿಲ್ಲ. ಏನು ಮಾತಾಡ್ಲಿಕ್ಕತ್ತಿ ಅಂತ ನಿನಗ ತಿಳೀವಲ್ದು. ಇಷ್ಟು ಜನ ಹಿರಿಯರ ಮುಂದ ಇಡೀ ವೃತ್ತಿಗೆ ಮಸಿ ಬಳೀಬ್ಯಾಡ. ಆ ಮಾತು ವಾಪಸ್ ತಗೋ. ತಪ್ಪಾಗಿ ಬಂತು ಅಂತ ಹೇಳಿ ಕೂತಕೋ.”

ವಿಶ್ವೇಶ ಮೈಕಿಗೆ ಕೈ ಚಾಚಿದ. ಮೌನೇಶ್ವರಿ ಅದನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು.

“ಇಲ್ರಿ ಸರ್, ತಗೊಳ್ಳಂಗಿಲ್ಲ.”